ಕಣ್ಣೊಳಗೆ ಮಿಂಚಿದರೆ ಕಾಯಬೇಡಿ

(ತೀರ್ಥಹಳ್ಳಿಯಲ್ಲಿ ಹಿರಿಯರಿಗಾಗಿ ನಡೆದ ಆರೋಗ್ಯ ಮಾತುಕತೆಯಲ್ಲಿ ಶಿವಮೊಗ್ಗದ ಕಣ್ಣಿನ ವೈದ್ಯರೊಬ್ಬರು ಆಡಿದ ಮಾತುಗಳ ಬರಹ ರೂಪ)

ಎಲ್ಲರೂ ಒಂದು ಕೆಲಸ ಮಾಡಿ. ಎರಡೂ ಕಣ್ಣು ಮುಚ್ಚಿಕೊಳ್ಳಿ. ಮುಚ್ಚಿದ ರೆಪ್ಪೆಯೊಳಗೇ ಬಲಗಣ್ಣನ್ನು ಮೂಗಿನ ಕಡೆ ತಿರುಗಿಸಿ. ಈಗ ಆ ಕಣ್ಣಿನ ಹೊರಮೂಲೆಯಲ್ಲಿ, ಅಂದರೆ ಕಿವಿಯ ಕಡೆ, ರೆಪ್ಪೆಯ ಮೇಲೆ ಬೆರಳ ತುದಿಯಿಂದ ಹಗುರವಾಗಿ ಒತ್ತಿ. ಕಣ್ಣಿನ ಆಪರೇಷನ್ ಆದವರು ಮಾಡಬೇಡಿ, ಸುಮ್ನೆ ಕೂತಿರಿ. ಉಳಿದವರಿಗೆ ಏನು ಕಂಡಿತು? ಮೂಗಿನ ಕಡೆ ಒಂದು ಬೆಳಕಿನ ಉಂಗುರ, ಅಲ್ವಾ? ಒತ್ತಿದ್ದು ಕಿವಿಯ ಕಡೆ, ಕಂಡದ್ದು ಮೂಗಿನ ಕಡೆ.

ಆ ಬೆಳಕು ಹೊರಗಿನಿಂದ ಬಂದದ್ದಲ್ಲ. ಕಣ್ಣಿನ ಹಿಂಭಾಗದ ಒಳಗೋಡೆಗೆ ರೆಟಿನಾ ಅಂಟಿಕೊಂಡಿದೆ. ನಾವು ಅದನ್ನು ಪರದೆ ಅಂತ ಕರೆಯುತ್ತೇವೆ. ದಪ್ಪ ಹೆಚ್ಚು ಕಡಿಮೆ ಕಾಲು ಮಿಲಿಮೀಟರ್. ನಿಮ್ಮ ಬೆರಳು ಅದನ್ನು ಸ್ವಲ್ಪ ಒತ್ತಿತು, ಅಷ್ಟೇ. ಪರದೆಯ ಮೇಲೆ ಚಿತ್ರ ಯಾವಾಗಲೂ ತಲೆಕೆಳಗಾಗಿ, ಎಡ ಬಲ ಅದಲು ಬದಲಾಗಿ ಬೀಳುತ್ತದೆ. ಅದಕ್ಕೇ ಈ ಬದಿ ಮುಟ್ಟಿದರೆ ಆ ಬದಿ ಬೆಳಕು.

ಇದನ್ನು ಯಾಕೆ ಮಾಡಿಸಿದೆ ಅಂದರೆ, ಇವತ್ತಿನ ಮಾತೆಲ್ಲ ಇದರೊಳಗೇ ಇದೆ. ಪರದೆಯನ್ನು ಒತ್ತಿದರೂ, ಎಳೆದರೂ, ಹರಿದರೂ ಅದು ಮಿದುಳಿಗೆ ಕಳಿಸುವ ಸುದ್ದಿ ಒಂದೇ, ಬೆಳಕು. ನೋವಿನ ಸುದ್ದಿ ಅದು ಕಳಿಸುವುದೇ ಇಲ್ಲ. ಕೈಗೆ ಮುಳ್ಳು ಚುಚ್ಚಿದರೆ ನಾವು ಆ ಕ್ಷಣವೇ ನೋಡಿಕೊಳ್ಳುತ್ತೇವೆ. ಹಲ್ಲು ನೋವಾದರೆ ರಾತ್ರಿಯೇ ಡಾಕ್ಟರ ಬಾಗಿಲು ತಟ್ಟುತ್ತೇವೆ. ಪರದೆ ಹರಿದರೆ ಮಾತ್ರ ಒಂದಿಷ್ಟೂ ನೋಯುವುದಿಲ್ಲ. ಸುಮ್ನೆ ಮಿಂಚುತ್ತದೆ. ನೋವಿಲ್ಲ ಎಂಬ ಒಂದೇ ಕಾರಣಕ್ಕೆ ಜನ ದಿನ ತಳ್ಳುತ್ತಾರೆ.

ಇಲ್ಲಿ ಸ್ವಲ್ಪ ದಾರಿ ಬಿಟ್ಟು ಹೋಗುತ್ತೇನೆ. 1969ರಲ್ಲಿ ಅಪೋಲೊ 11ರಲ್ಲಿ ಚಂದ್ರನಿಗೆ ಹೋದ ಬಜ್ ಆಲ್ಡ್ರಿನ್, ಕತ್ತಲಲ್ಲಿ ಬೆಳಕಿನ ಕಿಡಿಗಳು ಕಂಡವು ಎಂದು ಹೇಳಿದರು. ಆಮೇಲೆ ಹೋದ ಗಗನಯಾತ್ರಿಗಳು ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಕೂತು ಅದನ್ನೇ ಗಮನಿಸಿದರು. ಅವರಿಗೂ ಕಂಡವು. ಬಾಹ್ಯಾಕಾಶದಿಂದ ಬರುವ ಕಾಸ್ಮಿಕ್ ಕಿರಣಗಳು ನೌಕೆಯನ್ನೂ ತಲೆಬುರುಡೆಯನ್ನೂ ದಾಟಿ ಕಣ್ಣೊಳಗೆ ಹಾದುಹೋಗುವಾಗ ಹೀಗಾಗುತ್ತದೆ. ಅಲ್ಲೂ ಪರದೆ ಹೇಳಿದ್ದು ಅದೊಂದೇ ಮಾತು. ನನಗೆ ಇದು ಇವತ್ತಿಗೂ ಅಚ್ಚರಿ ಅನ್ನಿಸುತ್ತದೆ.

ಈಗ ನಮ್ಮ ನಿಮ್ಮ ಕಣ್ಣಿಗೆ ಬರೋಣ. ಕಣ್ಣುಗುಡ್ಡೆಯ ಒಳಗೆ ಬಹುಪಾಲು ಜಾಗದಲ್ಲಿ ತಿಳಿಯಾದ ಒಂದು ಲೋಳೆ ತುಂಬಿದೆ. ಇದರ ಹೆಸರು ವಿಟ್ರಿಯಸ್. ಅಳೆದರೆ ಸುಮಾರು 4 ಮಿಲಿಲೀಟರ್, ಒಂದು ಚಮಚಕ್ಕೂ ಕಡಿಮೆ. ಅದರಲ್ಲಿ ನೂರಕ್ಕೆ 98ರಷ್ಟು ಬರೀ ನೀರು. ಉಳಿದದ್ದು ನವಿರಾದ ಎಳೆಗಳು. ಚಿಕ್ಕ ಮಕ್ಕಳಲ್ಲಿ ಈ ಲೋಳೆ ಗಟ್ಟಿಯಾಗಿ, ಪರದೆಗೆ ಒತ್ತಾಗಿ ಅಂಟಿಕೊಂಡಿರುತ್ತದೆ. ವಯಸ್ಸಾದ ಹಾಗೆ ಅಲ್ಲಲ್ಲಿ ನೀರಾಗುತ್ತದೆ, ಕುಗ್ಗುತ್ತದೆ. 50 ದಾಟಿದ ಮೇಲೆ ಒಂದು ದಿನ ಪರದೆಯಿಂದ ಬಿಡಿಸಿಕೊಂಡು ಮುಂದಕ್ಕೆ ಸರಿಯುತ್ತದೆ. ಇದು ಕಾಯಿಲೆ ಅಲ್ಲ. ತಲೆ ನರೆತ ಹಾಗೆ, ಬಹಳ ಜನರಿಗೆ ಆಗಿಯೇ ಆಗುತ್ತದೆ.

ಹೀಗೆ ಬಿಡಿಸಿಕೊಳ್ಳುವಾಗ ಇನ್ನೂ ಅಂಟಿಕೊಂಡಿರುವ ಜಾಗಗಳಲ್ಲಿ ಲೋಳೆ ಪರದೆಯನ್ನು ಜಗ್ಗುತ್ತದೆ. ನೀವು ಕತ್ತು ತಿರುಗಿಸಿದಿರಿ, ಕಣ್ಣು ಹೊರಳಿಸಿದಿರಿ ಅಂದರೆ ಒಳಗಿನ ಲೋಳೆಯೂ ತೂಗುತ್ತದೆ, ಪರದೆಯನ್ನು ಎಳೆಯುತ್ತದೆ. ಆಗ ಕಣ್ಣಿನ ಅಂಚಿನಲ್ಲಿ, ಹೆಚ್ಚಾಗಿ ಕಿವಿಯ ಕಡೆ, ಬಾಗಿದ ಗೆರೆಯ ಹಾಗೆ ಬೆಳಕು ಹೊಡೆಯುತ್ತದೆ. ಒಂದೇ ಕ್ಷಣ. ಕತ್ತಲಲ್ಲಿ ಜಾಸ್ತಿ ಗೊತ್ತಾಗುತ್ತದೆ. ರಾತ್ರಿ ಎದ್ದು ಬಚ್ಚಲಿಗೆ ಹೋಗುವಾಗ, ಕರೆಂಟ್ ಹೋದಾಗ, ದೀಪ ಆರಿಸಿ ಮಲಗಿ ಮಗ್ಗುಲು ಬದಲಿಸುವಾಗ ಕಾಣುತ್ತದೆ. ಕೆಲವರಿಗೆ ಅದರ ಜೊತೆಗೇ ಕಣ್ಣೆದುರು ನೊಣ ಹಾರಿದಂತೆ, ಕೂದಲು ತೇಲಿದಂತೆ, ಉಂಗುರದಂತೆ ಏನೋ ಓಡಾಡುತ್ತದೆ. ಲೋಳೆಯ ಎಳೆಗಳ ನೆರಳು ಪರದೆಯ ಮೇಲೆ ಬೀಳುವುದರಿಂದ ಹೀಗೆ ಕಾಣುವುದು.

ಫಾಸ್ಟರ್ ಮೂರ್ ಎಂಬ ಬ್ರಿಟಿಷ್ ಕಣ್ಣಿನ ವೈದ್ಯರು 1935ರಲ್ಲಿ ಈ ಮಿಂಚಿನ ಗೆರೆಗಳ ಬಗ್ಗೆ ಬರೆದರು. ಇವು ನಿರುಪದ್ರವಿ, ಹೆದರಬೇಡಿ ಎಂಬುದು ಅವರ ಅಭಿಪ್ರಾಯ. ಬಹಳ ಜನರ ಮಟ್ಟಿಗೆ ಅವರು ಹೇಳಿದ್ದು ಸರಿಯೇ. ಆದರೆ ಎಲ್ಲರ ಮಟ್ಟಿಗೆ ಸರಿಯಲ್ಲ ಎಂಬುದು ಆಮೇಲೆ ಗೊತ್ತಾಯಿತು. ಹೊಸದಾಗಿ ಮಿಂಚು, ತೇಲುವ ಚುಕ್ಕೆ ಅಂತ ಬರುವ 100 ಜನರ ಕಣ್ಣು ಪರೀಕ್ಷಿಸಿದರೆ, ಹೆಚ್ಚು ಕಡಿಮೆ 10ರಿಂದ 15 ಜನರಲ್ಲಿ ಪರದೆ ಎಲ್ಲೋ ಒಂದು ಕಡೆ ಹರಿದಿರುತ್ತದೆ. ಉಳಿದ 85 ಜನರಿಗೆ ಏನೂ ಮಾಡಬೇಕಿಲ್ಲ. ತೊಂದರೆ ಎಲ್ಲಿದೆ ಅಂದರೆ, ಈ 15ಕ್ಕೂ ಆ 85ಕ್ಕೂ ಕಾಣುವ ಮಿಂಚು ಒಂದೇ ಥರ. ನೀವು ಎಷ್ಟೇ ವಿವರವಾಗಿ ಹೇಳಿದರೂ, ಕೇಳಿದಷ್ಟರಿಂದ ನನಗೆ ಹೇಳಲು ಬರುವುದಿಲ್ಲ. ಡ್ರಾಪ್ಸ್ ಹಾಕಿ, ಪಾಪೆ ಅಗಲ ಮಾಡಿ, ಒಳಗೆ ನೋಡಲೇಬೇಕು.

ಹರಿದರೆ ಮುಂದೇನಾಗುತ್ತದೆ? ನಮ್ಮ ಹಳೆಯ ಮನೆಗಳ ಗೋಡೆ ನೆನಪು ಮಾಡಿಕೊಳ್ಳಿ. ಮಳೆಗಾಲದಲ್ಲಿ ಗಾರೆಯಲ್ಲಿ ಒಂದು ಸಣ್ಣ ಬಿರುಕು ಬಿಡುತ್ತದೆ. ಅದರಿಂದ ನೀರು ಒಳಗೆ ಇಳಿಯುತ್ತದೆ. ಬಿರುಕು ಅಷ್ಟೇ ಇದ್ದರೂ ಸುತ್ತಲಿನ ಗಾರೆ ಉಬ್ಬಿ, ಗೋಡೆ ಬಿಟ್ಟು ಎದ್ದು ಬರುತ್ತದೆ. ಪರದೆಯಲ್ಲೂ ಹಾಗೇ. ನೀರಾದ ಲೋಳೆ ಆ ಹರಿದ ಜಾಗದಿಂದ ಪರದೆಯ ಹಿಂದಕ್ಕೆ ನುಗ್ಗುತ್ತದೆ, ಪರದೆ ಕಳಚಿಕೊಳ್ಳುತ್ತದೆ. ಎಲ್ಲಿ ಕಳಚಿತೋ ಅದರ ಎದುರು ಬದಿಯಲ್ಲಿ ನೋಟ ಕಪ್ಪಾಗುತ್ತದೆ. ‘ಮೇಲಿಂದ ನಾಟಕದ ಪರದೆ ಇಳಿದ ಹಾಗಾಯಿತು ಡಾಕ್ಟ್ರೇ’, ‘ಮೂಗಿನ ಕಡೆ ಏನೋ ಅಡ್ಡ ಬಂದಿದೆ, ಒರೆಸಿದರೂ ಹೋಗಲ್ಲ’ ಎಂದು ಜನ ಹೇಳುವುದು ಇದನ್ನೇ.

ಪರದೆಯ ನಡುವೆ ಮ್ಯಾಕುಲಾ ಎಂಬ ಸಣ್ಣ ಜಾಗವಿದೆ. ಪೇಪರ್ ಓದುವುದು, ಮೊಮ್ಮಗುವಿನ ಮುಖ ಗುರುತಿಸುವುದು, ಸೂಜಿಗೆ ದಾರ ಪೋಣಿಸುವುದು ಎಲ್ಲ ಅದರಿಂದಲೇ. ಕಳಚುವುದು ಅಲ್ಲಿಯವರೆಗೆ ಬರುವ ಮೊದಲೇ ಆಪರೇಷನ್ ಆದರೆ ನೋಟ ಚೆನ್ನಾಗಿ ಉಳಿಯುತ್ತದೆ. ಅದೂ ಕಳಚಿದ ಮೇಲೆ ಪರದೆಯನ್ನು ಮತ್ತೆ ಅಂಟಿಸಬಹುದು. ಆದರೆ ಮೊದಲಿನ ನೋಟ ಪೂರ್ತಿ ಬರುತ್ತದೆ ಎಂದು ಯಾರೂ ಭರವಸೆ ಕೊಡಲಾರರು. ಕೆಲವೊಮ್ಮೆ ಈ ಎರಡರ ನಡುವೆ ಇರುವುದು ಒಂದೆರಡು ದಿನ ಮಾತ್ರ.

ಹೊಸನಗರದ ಕಡೆಯ ಅಡಿಕೆ ಬೆಳೆಗಾರರೊಬ್ಬರು ನನ್ನ ಹತ್ತಿರ ಬಂದಿದ್ದರು. ಸ್ವಾತಿ ಮಳೆಯ ಹೊತ್ತಿಗೆ ಸಂಜೆ ಸಂಜೆ ಎಡಗಣ್ಣಿನ ಬದಿಯಲ್ಲಿ ಬೆಳಕು ಹೊಡೆಯುತ್ತಿತ್ತು. ಹೊರಗೆ ಹೇಗೂ ಗುಡುಗು ಮಿಂಚು ಇದ್ದೇ ಇತ್ತು. ಇದೂ ಅದೇ ಅಂದುಕೊಂಡರು. ಮಳೆ ನಿಂತ ಮೇಲೂ ಮಿಂಚು ನಿಲ್ಲಲಿಲ್ಲ. ಅಷ್ಟರಲ್ಲಿ ಕೊನೆ ಕೊಯ್ಲು, ಅಂದರೆ ಅಡಿಕೆ ಗೊನೆ ಕೊಯ್ಯುವ ಕೆಲಸ ಶುರುವಾಯಿತು. ಮರ ಹತ್ತಿ ಕೊಯ್ಯುವ ಕೊನೆಗಾರ ಸಿಗುವುದೇ ಕಷ್ಟ, ಸಿಕ್ಕಾಗ ಮನೆ ಬಿಟ್ಟು ಹೋಗುವುದು ಹೇಗೆ? ಒಂದು ದಿನ ಸುಲಿದ ಅಡಿಕೆ ಹರವುವಾಗ ಬಲಗಣ್ಣಿಗೆ ಧೂಳು ಬಿತ್ತು. ಆ ಕಣ್ಣು ಮುಚ್ಚಿಕೊಂಡು ಉಜ್ಜುತ್ತಾ ನಿಂತಾಗ, ಎಡಗಣ್ಣಿಗೆ ಎದುರಿನ ಅಂಗಳವೇ ಕಾಣಲಿಲ್ಲ. ಎಷ್ಟು ದಿನದಿಂದ ಹಾಗಿತ್ತೋ ಅವರಿಗೇ ಗೊತ್ತಿಲ್ಲ. ಆಪರೇಷನ್ ಆಯಿತು, ಪರದೆ ಅಂಟಿತು. ಆ ಕಣ್ಣಿನಲ್ಲಿ ಈಗ ಓಡಾಡುವಷ್ಟು ನೋಟ ಇದೆ, ಓದುವಷ್ಟು ಇಲ್ಲ. ಅವರು ಅಸಡ್ಡೆಯ ಮನುಷ್ಯ ಅಲ್ಲ. ನೋವಿಲ್ಲದ ಒಂದು ಮಿಂಚಿಗಾಗಿ ವರ್ಷದ ದುಡಿಮೆ ಬಿಟ್ಟು ಪೇಟೆಗೆ ಹೋಗಬೇಕು ಅಂತ ಅವರಿಗೆ ಯಾರೂ ಹೇಳಿರಲಿಲ್ಲ. ನಾನು ಇಂಥ ಕಡೆಗಳಿಗೆ ಬಂದು ಮಾತಾಡುವುದು ಇದಕ್ಕೇ.

ಅವರ ಕಥೆಯಲ್ಲಿ ಇನ್ನೊಂದು ಪಾಠ ಇದೆ. ನಮಗೆ ಎರಡು ಕಣ್ಣು. ಒಂದರಲ್ಲಿ ಕಡಿಮೆಯಾದದ್ದನ್ನು ಇನ್ನೊಂದು ತುಂಬಿಕೊಡುತ್ತದೆ, ನಮಗೆ ಗೊತ್ತೇ ಆಗುವುದಿಲ್ಲ. ಮನೆಯಲ್ಲಿ ಗೋಡೆಗೆ ಕ್ಯಾಲೆಂಡರ್ ಇರುತ್ತದಲ್ಲ? ದಿನಾ ಬೆಳಿಗ್ಗೆ ಅದರೆದುರು ನಿಂತು ಒಂದು ಕಣ್ಣು ಅಂಗೈಯಿಂದ ಮುಚ್ಚಿ ನೋಡಿ, ಆಮೇಲೆ ಇನ್ನೊಂದು. ಅರ್ಧ ನಿಮಿಷದ ಕೆಲಸ. ಎಲ್ಲಾದರೂ ಮೂಲೆ ಕಪ್ಪಾಗಿದೆಯಾ, ಗೆರೆ ಸೊಟ್ಟಗೆ ಕಾಣುತ್ತಿದೆಯಾ ನೋಡಿಕೊಳ್ಳಿ.

ಯಾರು ಹೆಚ್ಚು ಹುಷಾರಾಗಿರಬೇಕು? ಮೈನಸ್ ನಂಬರಿನ ದಪ್ಪ ಕನ್ನಡಕದವರು, ಅದರಲ್ಲೂ ಮೈನಸ್ 6 ದಾಟಿದವರು. ಅವರ ಕಣ್ಣು ಉದ್ದ, ಪರದೆ ತೆಳು, ಲೋಳೆ ಬೇಗ ನೀರಾಗುತ್ತದೆ. ಅವರಿಗೆ 30, 40ರಲ್ಲೇ ಇದು ಬರಬಹುದು. ಪೊರೆಯ ಆಪರೇಷನ್ ಆದವರು. ಒಂದು ಕಣ್ಣಿನಲ್ಲಿ ಆಗಲೇ ಪರದೆ ಕಳಚಿದವರು, ಮನೆಯಲ್ಲಿ ಯಾರಿಗಾದರೂ ಆಗಿದ್ದವರು. ಕಣ್ಣಿಗೆ ಪೆಟ್ಟು ಬಿದ್ದವರು. ಪೆಟ್ಟು ಅಂದಾಗ ನಮ್ಮ ತೋಟಗಳ ಬಗ್ಗೆ ಹೇಳಲೇಬೇಕು. ಕಳೆ ಹೊಡೆಯುವ ಯಂತ್ರದಿಂದ ಕಲ್ಲು ಸಿಡಿಯುತ್ತದೆ. ದೋಟಿ ಹಿಡಿದು ಕತ್ತೆತ್ತಿ ನೋಡುವಾಗ ಒಣ ಹಾಳೆ, ಕಾಯಿ ನೇರ ಮುಖದ ಮೇಲೇ ಬೀಳುತ್ತದೆ. ಹುಡುಗರಿಗೆ ಕ್ರಿಕೆಟ್ ಚೆಂಡು. ಪೆಟ್ಟು ಬಿದ್ದ ದಿನ ಕಣ್ಣು ಕೆಂಪಾಗಿ ವಾಸಿಯಾಗಿರಬಹುದು, ಪರದೆಯ ತೊಂದರೆ ತಿಂಗಳುಗಳ ಮೇಲೆ ತಲೆ ಎತ್ತಬಹುದು. ಕಳೆ ಹೊಡೆಯುವಾಗ ದಯವಿಟ್ಟು ಕಣ್ಣಿಗೆ ರಕ್ಷಣೆಯ ಕನ್ನಡಕ ಹಾಕಿ, ಕೆಲಸದವರಿಗೂ ಕೊಡಿಸಿ.

ಸಕ್ಕರೆ ಕಾಯಿಲೆಯವರಿಗೆ ಬೇರೆ ಕಾರಣಕ್ಕೆ ಪರದೆಯ ಮೇಲೆ ಹೊಸ ರಕ್ತನಾಳ ಬೆಳೆದು ಒಡೆಯಬಹುದು. ಹೊಗೆ ತುಂಬಿದ ಹಾಗೆ ಕಾಣುತ್ತದೆ. ಅವರು ಮಿಂಚಿಗಾಗಿ ಕಾಯದೆ ವರ್ಷಕ್ಕೊಮ್ಮೆ ಪರದೆ ತೋರಿಸಿಕೊಳ್ಳಬೇಕು.

ಈಗ ಬೇರೊಂದು ಥರದ ಬೆಳಕು. ಮೊದಲು ನೋಟದ ನಡುವೆ ಒಂದು ಚುಕ್ಕೆ ಮಸುಕಾಗುತ್ತದೆ. ನಿಧಾನಕ್ಕೆ ಅದು ದೊಡ್ಡದಾಗುತ್ತಾ ಹೋಗುತ್ತದೆ. ಅಂಚಿನಲ್ಲಿ ಗರಗಸದ ಹಲ್ಲಿನಂಥ ಗೆರೆಗಳು ಮಿಣುಗುತ್ತವೆ. ಕಣ್ಣು ಮುಚ್ಚಿದರೂ ಹೋಗುವುದಿಲ್ಲ. ಒಂದೊಂದೇ ಕಣ್ಣು ಮುಚ್ಚಿ ನೋಡಿದರೆ ಎರಡರಲ್ಲೂ ಅದೇ ಕಾಣುತ್ತದೆ. 20 ನಿಮಿಷ, ಅರ್ಧ ಗಂಟೆಯಲ್ಲಿ ಬದಿಗೆ ಸರಿದು ಮಾಯವಾಗುತ್ತದೆ. ಆಮೇಲೆ ತಲೆನೋವು ಬರಬಹುದು, ಬರದೆಯೂ ಇರಬಹುದು. ಇದು ಮೈಗ್ರೇನಿನ ಬೆಳಕು. ಇದು ಹುಟ್ಟುವುದು ಕಣ್ಣಿನಲ್ಲಲ್ಲ, ತಲೆಯ ಹಿಂಭಾಗದಲ್ಲಿ, ಮಿದುಳಿನ ನೋಟದ ಭಾಗದಲ್ಲಿ.

1870ರಲ್ಲಿ ಹ್ಯೂಬರ್ಟ್ ಏರಿ ಎಂಬ ಇಂಗ್ಲಿಷ್ ವೈದ್ಯರು ತಮಗೇ ಕಾಣುತ್ತಿದ್ದ ಈ ಗೆರೆಗಳನ್ನು ಚಿತ್ರ ಬರೆದು ಪ್ರಕಟಿಸಿದರು. 1941ರಲ್ಲಿ ಕಾರ್ಲ್ ಲ್ಯಾಶ್ಲಿ ಎಂಬ ಅಮೆರಿಕದ ವಿಜ್ಞಾನಿ ತಮ್ಮ ಕಣ್ಣೆದುರು ಆ ಗೆರೆ ಎಷ್ಟು ಬೇಗ ಸರಿಯುತ್ತದೆ ಎಂದು ಗುರುತು ಹಾಕಿಕೊಂಡು ಲೆಕ್ಕ ಹಾಕಿದರು. ಮಿದುಳಿನ ಮೇಲ್ಪದರದಲ್ಲಿ ಏನೋ ಒಂದು ನಿಮಿಷಕ್ಕೆ ಸುಮಾರು 3 ಮಿಲಿಮೀಟರ್ ವೇಗದಲ್ಲಿ ಹರಡುತ್ತಿರಬೇಕು ಎಂದರು. ಮೂರು ವರ್ಷದ ಮೇಲೆ ಬ್ರೆಜಿಲ್‌ನ ಲಿಯಾವ್ ಎಂಬವರು ಮೊಲದ ಮಿದುಳಿನಲ್ಲಿ ಹೆಚ್ಚು ಕಡಿಮೆ ಅದೇ ವೇಗದ ಅಲೆಯನ್ನು ಕಂಡುಹಿಡಿದರು. ತನ್ನ ಕಣ್ಣೆದುರಿನದನ್ನು ತಾಳ್ಮೆಯಿಂದ ಗಮನಿಸಿದ್ದಕ್ಕೆ ಅಷ್ಟು ಬೆಲೆ ಇದೆ. ನೀವೂ ಹಾಗೆ ಗಮನಿಸಿ ಬನ್ನಿ. ಒಂದೇ ಕಣ್ಣಾ, ಎರಡೂ ಕಣ್ಣಾ? ಕ್ಷಣ ಹೊತ್ತಾ, ಅರ್ಧ ಗಂಟೆಯಾ? ನಿಮ್ಮ ಈ ಎರಡು ಉತ್ತರದಲ್ಲಿ ನನ್ನ ಅರ್ಧ ಕೆಲಸ ಮುಗಿದಿರುತ್ತದೆ.

ನಮ್ಮ ಕಡೆ ಈ ಮೈಗ್ರೇನಿನ ಬೆಳಕಿಗೆ ಪಿತ್ತ ಅನ್ನುತ್ತಾರೆ. ಮುರುಗಲ ಪಾನಕ ಕುಡಿದು ಕತ್ತಲಲ್ಲಿ ಮಲಗುತ್ತಾರೆ. ಮೈಗ್ರೇನಿಗೆ ಮಲಗುವುದು ಒಳ್ಳೆಯದೇ, ಪಾನಕವೂ ತಂಪು. ಆದರೆ ಒಂದೇ ಕಣ್ಣಿನ ಅಂಚಿನಲ್ಲಿ ಹೊಡೆಯುವ ಮಿಂಚಿಗೂ ಅದನ್ನೇ ಮಾಡಿದರೆ ಕಣ್ಣು ಕಳೆದುಕೊಳ್ಳುತ್ತೇವೆ. ಇನ್ನೊಂದು ಮಾತು. 50 ದಾಟಿದ ಮೇಲೆ ಮೊದಲ ಸಲ ಆ ಗರಗಸದಂಥ ಗೆರೆ ಕಂಡರೆ ವೈದ್ಯರಿಗೆ ಹೇಳಿ. ಜೊತೆಗೆ ಮಾತು ತೊದಲಿದರೆ, ಕೈಯಲ್ಲಿ ಬಲ ಹೋದರೆ, ಕಣ್ಣಿನ ಡಾಕ್ಟರ ಹತ್ತಿರ ಅಲ್ಲ, ನೇರ ದೊಡ್ಡ ಆಸ್ಪತ್ರೆಗೆ ಓಡಿ.

ಕೂತವರು ಗಬಕ್ಕನೆ ಎದ್ದಾಗ ಎರಡೂ ಕಣ್ಣೆದುರು ನಕ್ಷತ್ರ ಕಾಣುವುದು ಬಿ.ಪಿ. ಕ್ಷಣ ಹೊತ್ತು ಇಳಿದದ್ದರಿಂದ. ಪದೇ ಪದೇ ಆದರೆ ಬಿ.ಪಿ. ನೋಡಿಸಿ.

ಚಿಕಿತ್ಸೆಗೆ ಬರುತ್ತೇನೆ. ನೂರು ವರ್ಷದ ಹಿಂದಿನವರೆಗೆ ಪರದೆ ಕಳಚಿದರೆ ಆ ಕಣ್ಣು ಹೋಯಿತು ಅಂತಲೇ ಲೆಕ್ಕ. ಹರಿದ ಜಾಗವೇ ಇದಕ್ಕೆಲ್ಲ ಮೂಲ, ಅದನ್ನು ಮುಚ್ಚಿದರೆ ಪರದೆ ಕೂರುತ್ತದೆ ಎಂದು ಹಟ ಹಿಡಿದು ತೋರಿಸಿದವರು ಸ್ವಿಟ್ಜರ್ಲೆಂಡಿನ ಲೋಸಾನ್ ಊರಿನ ಜೂಲ್ ಗೊನಾನ್. ಅವರ ಮಾತನ್ನು ಒಪ್ಪಲು ಬೇರೆ ವೈದ್ಯರಿಗೆ ವರ್ಷಗಳೇ ಹಿಡಿದವು. ಮುಂದೆ 1945ರ ಸೂರ್ಯಗ್ರಹಣವನ್ನು ಬರಿಗಣ್ಣಿನಿಂದ ನೋಡಿದವರ ಪರದೆಯಲ್ಲಿ ಸುಟ್ಟ ಕಲೆಗಳನ್ನು ಜರ್ಮನಿಯ ಕಣ್ಣಿನ ವೈದ್ಯ ಮೈಯರ್ ಶ್ವಿಕರಾತ್ ಕಂಡರು. ಬೆಳಕು ಪರದೆಯನ್ನು ಸುಡುವುದಾದರೆ, ಬೇಕಾದ ಜಾಗದಲ್ಲಿ ಮಾತ್ರ ಸುಟ್ಟು ಅಂಟಿಸಬಹುದಲ್ಲ ಎಂದು ಯೋಚಿಸಿದರು. ಇವತ್ತಿನ ಲೇಸರ್ ಚಿಕಿತ್ಸೆಯ ಬೇರು ಅಲ್ಲಿದೆ.

ಹರಿದದ್ದು ಸಿಕ್ಕಿದೆ, ಪರದೆ ಇನ್ನೂ ಕಳಚಿಲ್ಲ ಅಂದರೆ ಲೇಸರ್ ಸಾಕು. ಹರಿದ ಜಾಗದ ಸುತ್ತ ಸಣ್ಣ ಸಣ್ಣ ಚುಕ್ಕೆಗಳಾಗಿ ಸುಡುತ್ತಾರೆ. ಒಂದೆರಡು ವಾರದಲ್ಲಿ ಅಲ್ಲಿ ಕಲೆ ಬಲಿತು ಪರದೆ ಗಟ್ಟಿಯಾಗಿ ಅಂಟಿಕೊಳ್ಳುತ್ತದೆ, ನೀರು ಮುಂದೆ ಹೋಗುವುದಿಲ್ಲ. ಕೆಲವು ನಿಮಿಷಗಳ ಕೆಲಸ, ದಾಖಲಾಗಬೇಕಿಲ್ಲ. ಸಾಗರದ ಒಬ್ಬ ಮೇಷ್ಟ್ರಮ್ಮ ಮಿಂಚು ಕಂಡ ಮಾರನೆಯ ದಿನವೇ ಬಂದರು, ಲೇಸರ್ ಮಾಡಿಸಿಕೊಂಡು ಸಂಜೆ ಬಸ್ಸಿಗೆ ಊರಿಗೆ ಹೋದರು. ಆ ಕಣ್ಣಿನಲ್ಲಿ ಇವತ್ತಿಗೂ ಪೂರ್ತಿ ನೋಟ ಇದೆ.

ಕಳಚಿದ್ದರೆ ಆಪರೇಷನ್ನೇ ಬೇಕು. ಅದರಲ್ಲಿ ಒಂದು ವಿಷಯ ನಮ್ಮ ಮಲೆನಾಡಿನವರು ತಿಳಿದಿರಲೇಬೇಕು, ಸ್ವಲ್ಪ ಗಮನ ಕೊಡಿ. ಎಷ್ಟೋ ಸಲ ಆಪರೇಷನ್ ಮುಗಿಸುವಾಗ ಪರದೆಯನ್ನು ಒತ್ತಿ ಹಿಡಿಯಲು ಕಣ್ಣೊಳಗೆ ಗ್ಯಾಸ್ ತುಂಬುತ್ತಾರೆ. ಅದು ಕರಗಲು ಎರಡು ವಾರದಿಂದ ಎಂಟು ವಾರದವರೆಗೂ ಬೇಕು, ಗ್ಯಾಸಿನ ಮೇಲೆ ಅವಲಂಬಿಸಿದೆ. ಎತ್ತರಕ್ಕೆ ಹೋದಂತೆ ಹೊರಗಿನ ಗಾಳಿಯ ಒತ್ತಡ ಕಡಿಮೆಯಾಗಿ ಒಳಗಿನ ಗ್ಯಾಸ್ ಹಿಗ್ಗುತ್ತದೆ. ಕಣ್ಣಿಗೆ ಹಿಗ್ಗಲು ಜಾಗ ಇಲ್ಲ. ಒತ್ತಡ ಏರಿ, ವಿಪರೀತ ನೋವು ಬಂದು, ಕಣ್ಣೇ ಕುರುಡಾಗಬಹುದು. ಅದಕ್ಕೇ ಗ್ಯಾಸ್ ಇರುವವರೆಗೆ ವಿಮಾನ ಹತ್ತಲೇಬಾರದು. ಶಿವಮೊಗ್ಗದ ಹತ್ತಿರ ಸೋಗಾನೆಯಲ್ಲಿ 2023ರಿಂದ ವಿಮಾನ ನಿಲ್ದಾಣ ಇದೆ, ಆಪರೇಷನ್ ಆದವರನ್ನು ಆರಾಮವಾಗಿ ವಿಮಾನದಲ್ಲಿ ಕರೆತರೋಣ ಎಂದು ಮಕ್ಕಳು ಪ್ರೀತಿಯಿಂದಲೇ ಯೋಚಿಸುತ್ತಾರೆ. ಬೇಡ.

ವಿಮಾನದ ಮಾತು ಎಲ್ಲರೂ ಹೇಳುತ್ತಾರೆ, ಘಾಟಿಯ ಮಾತು ತಪ್ಪಿಹೋಗಬಹುದು. ನಮ್ಮಲ್ಲಿ ಬಹಳ ಜನ ಚಿಕಿತ್ಸೆಗೆ ಮಣಿಪಾಲ, ಮಂಗಳೂರಿನ ಕಡೆ ಇಳಿಯುತ್ತಾರೆ. ವಾಪಸ್ ಬರುವುದು ಆಗುಂಬೆ ಘಾಟಿಯಲ್ಲಿ, ಇಲ್ಲವೇ ಹುಲಿಕಲ್ ಘಾಟಿಯಲ್ಲಿ. ಕರಾವಳಿಯಿಂದ ಹೊರಟು, ಸೋಮೇಶ್ವರ ದಾಟಿ, ಸುಮಾರು 640 ಮೀಟರ್ ಎತ್ತರದ ಆಗುಂಬೆಗೆ ಕಡಿದಾದ ತಿರುವುಗಳಲ್ಲಿ ಸ್ವಲ್ಪ ಹೊತ್ತಿನಲ್ಲೇ ಏರಿಬಿಡುತ್ತೀರಿ. ಅಷ್ಟು ಏರಿದರೆ ಗಾಳಿಯ ಒತ್ತಡ ನೂರಕ್ಕೆ ಏಳರಷ್ಟು ಇಳಿಯುತ್ತದೆ. ಗ್ಯಾಸ್ ತುಂಬಿದ ಕಣ್ಣಿಗೆ ಅದು ಸಣ್ಣ ವಿಷಯ ಅಲ್ಲ. ಡಿಸ್ಚಾರ್ಜ್ ಆಗುವಾಗ ಸರ್ಜನ್ ಹತ್ತಿರ ಬಾಯಿ ಬಿಟ್ಟು ಹೇಳಿ: ನಮ್ಮ ಊರು ಇಂಥದ್ದು, ನಾವು ಘಾಟಿ ಹತ್ತಬೇಕು, ಯಾವಾಗ ಹತ್ತಬಹುದು? ಅವರು ಬೇಡ ಅಂದರೆ ಕೆಳಗೇ ನೆಂಟರ ಮನೆಯಲ್ಲೋ ಬಾಡಿಗೆ ರೂಮಿನಲ್ಲೋ ಉಳಿದುಕೊಳ್ಳಿ. ಗ್ಯಾಸ್ ಇರುವಾಗ ಬೇರೆ ಯಾವುದಾದರೂ ಆಪರೇಷನ್ನಿಗೆ ಅರಿವಳಿಕೆ ಕೊಡುವುದಾದರೆ ಅದನ್ನು ಕೊಡುವ ವೈದ್ಯರಿಗೂ ಮೊದಲೇ ತಿಳಿಸಿ.

ಪರೀಕ್ಷೆಗೆ ಹೋಗುವವರಿಗೆ ಒಂದಿಷ್ಟು. ಕನ್ನಡಕದ ಅಂಗಡಿಯ ಕಂಪ್ಯೂಟರ್ ಪರೀಕ್ಷೆಯಲ್ಲಿ ಇದು ಗೊತ್ತಾಗುವುದಿಲ್ಲ. ಕಣ್ಣಿನ ವೈದ್ಯರ ಹತ್ತಿರ ಹೋಗಿ, ಡ್ರಾಪ್ಸ್ ಹಾಕಿ ಪರದೆ ನೋಡಿ ಎಂದು ನೀವೇ ಕೇಳಿ. ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯಲ್ಲೂ ಕಣ್ಣಿನ ವಿಭಾಗ ಇದೆ. ತಲೆಗೆ ದೀಪ ಕಟ್ಟಿಕೊಂಡು, ಮೇಲೆ ನೋಡಿ, ಕೆಳಗೆ ನೋಡಿ ಎನ್ನುತ್ತಾ ಎಲ್ಲ ಅಂಚನ್ನೂ ನೋಡುತ್ತಾರೆ. ಬೆಳಕು ಚುಚ್ಚುತ್ತದೆ, ರೆಪ್ಪೆಯ ಮೇಲೆ ಒತ್ತಿದಾಗ ಸ್ವಲ್ಪ ಕಿರಿಕಿರಿ ಆಗುತ್ತದೆ. ಸಹಿಸಿಕೊಳ್ಳಿ. ಡ್ರಾಪ್ಸ್ ಹಾಕಿದ ಮೇಲೆ ನಾಲ್ಕಾರು ಗಂಟೆ ಮಂಜು ಮಂಜು, ಬೈಕ್ ಓಡಿಸುವ ಹಾಗಿಲ್ಲ. ಜೊತೆಗೆ ಒಬ್ಬರನ್ನು ಕರೆದುಕೊಂಡು ಹೋಗಿ. ನಂದಿಬಟ್ಟಲ ರಸ, ಜೇನು, ಎದೆಹಾಲು ಕಣ್ಣಿಗೆ ಬಿಡಬೇಡಿ. ಅದು ಪರದೆಯವರೆಗೆ ಹೋಗುವುದೂ ಇಲ್ಲ, ಮೇಲಿನಿಂದ ಸೋಂಕು ತಗುಲುವ ಅಪಾಯ ಬೇರೆ.

ಏನೂ ಹರಿದಿಲ್ಲ ಅಂದರೆ ಸಂತೋಷ. ಆದರೂ ನಾಲ್ಕರಿಂದ ಆರು ವಾರದಲ್ಲಿ ಇನ್ನೊಮ್ಮೆ ತೋರಿಸಿ. ಲೋಳೆ ಪೂರ್ತಿ ಬಿಡಿಸಿಕೊಳ್ಳಲು ಸಮಯ ಬೇಕು, ಆ ನಡುವೆಯೂ ಹರಿಯಬಹುದು. ಮಿಂಚು ಜಾಸ್ತಿಯಾದರೆ, ಕಪ್ಪು ಚುಕ್ಕೆಗಳು ಮಳೆ ಸುರಿದ ಹಾಗೆ ಬಂದರೆ, ಮೂಲೆ ಕಪ್ಪಾದರೆ ಆ ದಿನಕ್ಕೆ ಕಾಯದೆ ಅವತ್ತೇ ಹೋಗಿ.

ಕೆಲವರು ಚೀಟಿಯಲ್ಲಿ ಪ್ರಶ್ನೆ ಬರೆದು ಕಳಿಸಿದ್ದೀರಿ. ಒಬ್ಬರು ಕೇಳಿದ್ದಾರೆ, ಲೇಸರ್ ಆದ ಮೇಲೂ ಮಿಂಚು ನಿಂತಿಲ್ಲ, ಲೇಸರ್ ಸರಿಯಾಗಿಲ್ಲವೇ ಎಂದು. ಹಾಗೇನಿಲ್ಲ. ಲೇಸರ್ ಪರದೆಯನ್ನು ಗೋಡೆಗೆ ಭದ್ರ ಮಾಡುತ್ತದೆ, ಲೋಳೆಯ ಎಳೆತವನ್ನು ಬಿಡಿಸುವುದಿಲ್ಲ. ಜಗ್ಗುವುದು ನಿಲ್ಲುವವರೆಗೆ ಕೆಲವು ವಾರ, ತಿಂಗಳು ಮಿಂಚು ಇರಬಹುದು. ಹೇಳಿದ ದಿನ ಹೋಗಿ ತೋರಿಸಿಕೊಳ್ಳಿ.

ಇನ್ನೊಬ್ಬರು, ಒಂದು ಕಣ್ಣಿಗೆ ಬಂದು ಹೋಯಿತು, ಇನ್ನೊಂದಕ್ಕೂ ಬರುತ್ತದಾ ಎಂದು ಕೇಳಿದ್ದಾರೆ. ಬರುವ ಸಾಧ್ಯತೆ ಜಾಸ್ತಿ. ಬಹಳ ಜನರಿಗೆ ಒಂದೆರಡು ವರ್ಷದೊಳಗೆ ಇನ್ನೊಂದು ಕಣ್ಣಿನಲ್ಲೂ ಲೋಳೆ ಬಿಡಿಸಿಕೊಳ್ಳುತ್ತದೆ. ಮೊದಲನೆಯದು ಸುಖವಾಗಿ ಮುಗಿಯಿತು ಅಂತ ಎರಡನೆಯದನ್ನು ಬಿಟ್ಟುಬಿಡಬೇಡಿ. ಅದಕ್ಕೂ ಹೊಸದಾಗಿ ಡ್ರಾಪ್ಸ್ ಹಾಕಿಸಿ, ಪೂರ್ತಿ ಪರೀಕ್ಷೆ ಮಾಡಿಸಿಕೊಳ್ಳಬೇಕು.